ನಮ್ಮ ಪ್ರಶ್ನಾವಳಿಯ 'ಪಾರ್ಟಿ' ಯಾವ ಪಾರ್ಟಿ?

ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿಯೊಂದನ್ನು ಬಂಗಾಳಿಗೆ ತಂದು ಪರೀಕ್ಷಿಸುವ ಕೆಲಸಕ್ಕೆ ನಾನು ಕೋಲ್ಕತ್ತದಲ್ಲಿದ್ದೆ. ಆರಿಸಿಕೊಂಡಿದ್ದು ಐಪಿಐಪಿಯ (ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್, ವ್ಯಕ್ತಿತ್ವ ಅಳೆಯುವ ವಾಕ್ಯಗಳ ಸಂಗ್ರಹ) 50 ವಾಕ್ಯಗಳನ್ನು. ಲೂಯಿಸ್ ಗೋಲ್ಡ್‌ಬರ್ಗ್ ಶುರು ಮಾಡಿದ ಈ ಸಂಗ್ರಹ ಎಲ್ಲರಿಗೂ ಮುಕ್ತ, ಯಾರ ಅನುಮತಿಯೂ ಬೇಡ. ಐದು ಗುಣ, ಒಂದೊಂದಕ್ಕೂ ಹತ್ತು ವಾಕ್ಯ. ಪ್ರತಿ ವಾಕ್ಯ ತನಗೆ ಎಷ್ಟು ಒಪ್ಪುತ್ತೆ ಅಂತ 1ರಿಂದ 5ರವರೆಗೆ ಅಂಕ ಹಾಕಬೇಕು, 5 ಅಂದ್ರೆ ಪೂರ್ತಿ ಒಪ್ಪುತ್ತೆ ಅಂತ.

ಇಬ್ಬರು ಬೇರೆಬೇರೆಯಾಗಿ ಅನುವಾದ ಮಾಡಿದರು, ಎಲ್ಲರೂ ಕೂತು ಅದನ್ನು ಒಂದು ಮಾಡಿದೆವು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ತಂದರು. ಹೆಚ್ಚುಕಡಿಮೆ ಮೂಲದ ಹಾಗೇ ಬಂತು. ಖುಷಿಯಾಯಿತು.

ಆಮೇಲೆ ಒಬ್ಬೊಬ್ಬರ ಪಕ್ಕ ಕೂತು, ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತು ಅಂತ ಕೇಳಿದೆ. 'ನಾನು ಪಾರ್ಟಿಯ ಪ್ರಾಣ' ಅನ್ನೋ ವಾಕ್ಯ ಬಂದಾಗ ಒಬ್ಬ ಹಿರಿಯರು ಪೆನ್ನು ಕೆಳಗಿಟ್ಟು, 'ನಾನು ಪಾರ್ಟಿ ಬಿಟ್ಟು ಎಷ್ಟೋ ವರ್ಷ ಆಯ್ತು' ಅಂದರು. ಅಲ್ಲಿ 'ಪಾರ್ಟಿ ಕೊರೆ' ಅಂದ್ರೆ ರಾಜಕೀಯ ಪಕ್ಷದ ಕೆಲಸ ಮಾಡ್ತಾನೆ ಅಂತ. ವಾಪಸ್ ಅನುವಾದದಲ್ಲಿ ಇದು ಸಿಕ್ಕಿಬೀಳೋದೇ ಇಲ್ಲ, ಯಾಕಂದ್ರೆ ಇಂಗ್ಲಿಷಿಗೆ ಹೋದರೂ ಅದು ಪಾರ್ಟಿಯೇ ಅಲ್ವಾ? ಕೊನೆಗೆ 'ಆಡ್ಡಾ ಜೊಮಿಯೇ ರಾಖಿ' ಅಂತ ಬದಲಾಯಿಸಿದೆವು. ಆಡ್ಡಾ ಅಂದ್ರೆ ಬಂಗಾಳಿಗಳು ಚಹಾ ಹಿಡಿದು ಗಂಟೆಗಟ್ಟಲೆ ಕೂರುವ ಹರಟೆ, ಅದಕ್ಕೆ ಕಳೆ ಕಟ್ಟಿಸೋನು ನಾನು ಅಂತ. ಪಾರ್ಟಿ ಇದ್ದ ಇನ್ನೊಂದು ವಾಕ್ಯಕ್ಕೆ 'ನೆಮೊಂತೊನ್ನೊ', ಅಂದರೆ ಊಟದ ಕರೆ. ಢಾಕಾದಲ್ಲಿ ಇದಕ್ಕೇ 'ದಾವತ್' ಅನ್ನೋದು ಜಾಸ್ತಿ, ಹಾಗಾಗಿ ನಮ್ಮ ಪ್ರತಿಯನ್ನು ಸೀದಾ ಬಾಂಗ್ಲಾದೇಶದಲ್ಲಿ ಬಳಸೋದಕ್ಕೆ ನಾನು ಒಪ್ಪಲಿಲ್ಲ.

ಅಂಕಿಗಳಲ್ಲಿ ಕೈಕೊಟ್ಟಿದ್ದು ಬೇರೆ ವಾಕ್ಯ: 'ಬೇಶಿ ಕೊಥಾ ಬೊಲಿ ನಾ', ಜಾಸ್ತಿ ಮಾತಾಡಲ್ಲ. ಜನರ ಜೊತೆ ಬೆರೆಯುವ ಗುಣದ ಹತ್ತೂ ವಾಕ್ಯ ಸೇರಿದ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ) ಚೆನ್ನಾಗಿಯೇ ಇತ್ತು, ಆದರೆ ಈ ವಾಕ್ಯಕ್ಕೂ ಉಳಿದ ಒಂಬತ್ತಕ್ಕೂ ನಂಟೇ ಇರಲಿಲ್ಲ. ಇಂಥ ಉಲ್ಟಾ ವಾಕ್ಯಕ್ಕೆ ಅಂಕ ತಿರುಗಿಸೋದು (5 ಅನ್ನು 1 ಮಾಡೋದು) ಮರೆತೆನಾ ಅಂತ ಮೊದಲು ನೋಡಿದೆ. ಮರೆತಿರಲಿಲ್ಲ. ಮತ್ತೆ ಜನರ ಹತ್ತಿರವೇ ಹೋದೆ. ಮಾತು ಕಮ್ಮಿ ಇರುವ ಇಬ್ಬರಲ್ಲಿ ಒಬ್ಬರು 'ಹೌದು, ಮಾತಾಡಲ್ಲ' ಅಂತ 5 ಹಾಕಿದ್ದರು, ಇನ್ನೊಬ್ಬರು 'ಇಲ್ಲ, ಮಾತಾಡಲ್ಲ' ಅಂತ 1. ಕನ್ನಡದಲ್ಲೂ ಹೀಗೇ, 'ಇಲ್ಲ' ಕೊನೆಯಲ್ಲಿ ಬರುತ್ತಲ್ಲ. 'ನಾ' ತೆಗೆದು 'ಕೊಮ್ ಕೊಥಾ ಬೊಲಿ', ಕಮ್ಮಿ ಮಾತಾಡ್ತೀನಿ ಅಂತ ಮಾಡಿದೆವು. ಮುಂದಿನ ಸುತ್ತಿನಲ್ಲಿ ಆ ವಾಕ್ಯ ಉಳಿದ ಒಂಬತ್ತರ ಜೊತೆ ಸೇರಿಕೊಂಡಿತು.