ಕಾಡಂಚಿನ ಮನೆ, ತೋಟದವರು ಬೇಸಿಗೆಗೆ ಮುಂಚೆ ಮಾಡಬೇಕಾದ್ದು

ಎಚ್.ಡಿ. ಕೋಟೆ, ಸರಗೂರು ಕಡೆ ಕಾಡಿಗೆ ಅಂಟಿಕೊಂಡಂತೆ ಮನೆ ಇರುವವರು ಜನವರಿಯೊಳಗೆ ಈ ಕೆಲಸ ಮುಗಿಸಿಕೊಳ್ಳಿ. ಕಾಡ್ಗಿಚ್ಚಿನ ಉರಿಯೇ ಮನೆತನಕ ಬರಬೇಕೆಂದಿಲ್ಲ, ಗಾಳಿಗೆ ಹಾರಿಬರುವ ಕಿಡಿ ಸಾಕು. ಆದ್ದರಿಂದ ಗೋಡೆಯಿಂದ 5 ಅಡಿವರೆಗೆ ಹತ್ತಿಕೊಳ್ಳುವಂಥದ್ದು ಏನೂ ಬೇಡ; ಬರಿ ಮಣ್ಣು, ಜಲ್ಲಿ ಇಲ್ಲವೇ ಚಪ್ಪಡಿ ಕಲ್ಲು ಇರಲಿ. ಹೆಂಚಿನ ಸಂದಿಯಲ್ಲಿ ಸಿಕ್ಕಿಕೊಂಡ ತರಗೆಲೆಯನ್ನು ವಾರಕ್ಕೊಮ್ಮೆ ತೆಗೆಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ. ಸೌದೆ, ಬೆರಣಿ, ಹುಲ್ಲಿನ ಮೆದೆ ಕನಿಷ್ಠ 30 ಅಡಿ ದೂರವಿರಲಿ.

ಬೇಲಿಯ ಲಂಟಾನ ದೊಡ್ಡ ಅಪಾಯ. ಒಣಗಿದ ಪೊದೆಯಿಂದ ಉರಿ ಮೇಲಿನ ಕೊಂಬೆಗೆ ಹತ್ತುತ್ತದೆ, ಅಲ್ಲಿಂದ ಮರದಿಂದ ಮರಕ್ಕೆ. ಬರೀ ಸವರಿದರೆ ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ಬುಡದ ಸುತ್ತ ಮಣ್ಣು ಬಿಡಿಸಿ, ಬೇರನ್ನು ನೆಲದ ಮಟ್ಟಕ್ಕಿಂತ ಒಂದೆರಡು ಇಂಚು ಕೆಳಗೆ ಕತ್ತರಿಸಿ, ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಿಸಿ. ಒಣಗಿದ ರಾಶಿಯನ್ನು ಬೇಲಿ ಪಕ್ಕದಲ್ಲೇ ಬಿಡಬೇಡಿ, ಅಲ್ಲೇ ಬೆಂಕಿಯನ್ನೂ ಹಚ್ಚಬೇಡಿ.

ಉಳಿಸಿಕೊಳ್ಳುವ ದೊಡ್ಡ ಮರಗಳ ಕೆಳಕೊಂಬೆಗಳನ್ನು 6 ಅಡಿ ಎತ್ತರದವರೆಗೆ ಸವರಿ. ಮನೆ ದಿಬ್ಬದ ಮೇಲಿದ್ದರೆ ಇಳಿಜಾರಿನ ಕಡೆ ಇನ್ನಷ್ಟು ಅಗಲಕ್ಕೆ ಬಯಲು ಮಾಡಿ, ಏರಿನಲ್ಲಿ ಉರಿ ಬೇಗ ಓಡುತ್ತದೆ. ಕಾಡಿನ ಸರಹದ್ದಿನೊಳಗಿನ ಗಿಡಕ್ಕೆ ಕತ್ತಿ ಹಾಕುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿ.