ಎರಡು ಎಲ್‌ಇಡಿಯಿಂದ ಪ್ಲಾಂಕ್ ಸ್ಥಿರಾಂಕ ಅಳೆಯುವುದು

ಬದಿಯಡ್ಕದ ಅಂಗಡಿಯಲ್ಲಿ ಅಡಿಕೆ ತೂಗುವ ಕಿಲೋಗ್ರಾಮಿಗೂ ಕ್ವಾಂಟಂ ವಿಜ್ಞಾನಕ್ಕೂ ನೇರ ನಂಟಿದೆ. 2019ರ ಮೇ 20ರಿಂದ ಕಿಲೋಗ್ರಾಮನ್ನು ನಿರ್ಧರಿಸುವುದು ಪ್ಯಾರಿಸ್ ಹತ್ತಿರದ ಲೋಹದ ಗಟ್ಟಿಯಲ್ಲ, ಪ್ಲಾಂಕ್ ಸ್ಥಿರಾಂಕ. ಪ್ಲಸ್ ಟು ಮಕ್ಕಳು ಬಾಯಿಪಾಠ ಮಾಡುವ ಈ ಸಂಖ್ಯೆಯನ್ನು ಶಾಲೆಯ ಮೇಜಿನ ಮೇಲೆಯೇ ಅಳೆಯಬಹುದು.

ಬೆಳಕು ಶಕ್ತಿಯನ್ನು ಬಿಡಿ ಪೊಟ್ಟಣಗಳಾಗಿ ಒಯ್ಯುತ್ತದೆ. ಒಂದು ಪೊಟ್ಟಣದ ಶಕ್ತಿಯನ್ನು ಬೆಳಕಿನ ಆವೃತ್ತಿಯಿಂದ ಭಾಗಿಸಿದರೆ ಸಿಗುವುದೇ ಪ್ಲಾಂಕ್ ಸ್ಥಿರಾಂಕ. ಎಲ್‌ಇಡಿಯೊಳಗೆ ಇಲೆಕ್ಟ್ರಾನ್ ಒಂದು ಮಟ್ಟ ಕೆಳಗಿಳಿದಾಗ ಅಂಥ ಒಂದು ಪೊಟ್ಟಣ ಹೊರಬರುತ್ತದೆ. ನೀಲಿಯದು ಕೆಂಪಿನದಕ್ಕಿಂತ ದೊಡ್ಡದು, ಹಾಗಾಗಿ ನೀಲಿ ಹೊತ್ತಲು ಹೆಚ್ಚು ವೋಲ್ಟ್ ಬೇಕು.

ಬೇಕಾದದ್ದು: ಮೂರು ಪೆನ್ಸಿಲ್ ಸೆಲ್ (4.5 ವೋಲ್ಟ್), 10 ಕಿಲೋಓಮ್ ಪೊಟೆನ್ಶಿಯೋಮೀಟರ್ (ಗುಂಡಿ ತಿರುಗಿಸಿ ವೋಲ್ಟ್ ಹೆಚ್ಚುಕಡಿಮೆ ಮಾಡುವಂಥದ್ದು), 1 ಕಿಲೋಓಮ್ ರೆಸಿಸ್ಟರ್, ಮಲ್ಟಿಮೀಟರ್, 630 ನ್ಯಾನೋಮೀಟರ್ ತರಂಗದೂರದ ಕೆಂಪು ಮತ್ತು 470ರ ನೀಲಿ ಎಲ್‌ಇಡಿ. ಬಿಳಿಯದು ಬೇಡವೇ ಬೇಡ. ಅದು ನೀಲಿ ಚಿಪ್‌ನ ಮೇಲೆ ಹಳದಿ ಪುಡಿ ಬಳಿದದ್ದು, ಅದರ ಬೆಳಕಿಗೆ ಒಂದೇ ತರಂಗದೂರವಿಲ್ಲ.

ಪೊಟೆನ್ಶಿಯೋಮೀಟರಿನ ಎರಡು ಬದಿಯ ಕಾಲುಗಳನ್ನು ಸೆಲ್ಲಿಗೆ ಜೋಡಿಸಿ. ನಡುಕಾಲಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು; ಗಿಡ್ಡ ಕಾಲು ಸೆಲ್ಲಿನ ಋಣ ತುದಿಗೆ. ಮೀಟರನ್ನು 200 ಮಿಲಿವೋಲ್ಟಿಗಿಟ್ಟು ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ. 10 ಮಿಲಿವೋಲ್ಟ್ ಬರುವವರೆಗೆ ಗುಂಡಿಯನ್ನು ಮೆಲ್ಲ ತಿರುಗಿಸಿ. ಈಗ ಎಲ್‌ಇಡಿಯಲ್ಲಿ ಹರಿಯುತ್ತಿರುವುದು 10 ಮೈಕ್ರೋಆಂಪಿಯರ್. ಗುಂಡಿ ಮುಟ್ಟದೆ ಮೀಟರನ್ನು 20 ವೋಲ್ಟಿಗೆ ಬದಲಿಸಿ, ಎಲ್‌ಇಡಿಯ ಕಾಲುಗಳ ನಡುವಿನ ವೋಲ್ಟೇಜ್ ಬರೆದುಕೊಳ್ಳಿ. ಇನ್ನೊಂದಕ್ಕೂ ಹೀಗೆಯೇ. "ಈಗ ಹೊತ್ತಿತು" ಎಂದು ಕಣ್ಣಿನಿಂದ ನಿರ್ಧರಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ.

ಕೆಂಪಿಗೆ 1.70, ನೀಲಿಗೆ 2.40 ವೋಲ್ಟ್ ಬಂತೆನ್ನಿ. ವ್ಯತ್ಯಾಸ 0.70, ಅದನ್ನು ಇಲೆಕ್ಟ್ರಾನಿನ ಆವೇಶ 1.6 × 10⁻¹⁹ರಿಂದ ಗುಣಿಸಿ. ಬೆಳಕಿನ ವೇಗವನ್ನು ತರಂಗದೂರದಿಂದ ಭಾಗಿಸಿದರೆ ಆವೃತ್ತಿ. ಎರಡರ ಅಂತರ 1.62 × 10¹⁴ ಹರ್ಟ್ಸ್. ಮೊದಲಿನ ಗುಣಲಬ್ಧವನ್ನು ಈ ಅಂತರದಿಂದ ಭಾಗಿಸಿದರೆ ಸುಮಾರು 6.9 × 10⁻³⁴ ಜೂಲ್-ಸೆಕೆಂಡ್. ನಿಜವಾದದ್ದು 6.63 × 10⁻³⁴. ಒಂದೇ ಎಲ್‌ಇಡಿಯಿಂದ ಲೆಕ್ಕ ಹಾಕಬೇಡಿ: ಉಷ್ಣತೆಯೂ ಇಲೆಕ್ಟ್ರಾನಿಗೆ ಒಂದಿಷ್ಟು ತಳ್ಳು ಕೊಡುವುದರಿಂದ ವೋಲ್ಟೇಜ್ ಕಡಿಮೆ ಕಾಣುತ್ತದೆ. ವ್ಯತ್ಯಾಸ ತೆಗೆದಾಗ ಆ ತಪ್ಪು ಬಹುಪಾಲು ಕಳೆದುಹೋಗುತ್ತದೆ.

ಉತ್ತರ ತೀರಾ ದೂರ ಹೋದರೆ ಮೊದಲು ಎಲ್‌ಇಡಿಯ ತರಂಗದೂರವನ್ನೇ ಸಂಶಯಿಸಿ. ಪ್ಯಾಕೆಟಿನ ಮೇಲೆ ಬರೆದದ್ದೆಲ್ಲ ಸರಿ ಇರುವುದಿಲ್ಲ. ಬಿಸಿಲು ಬಿದ್ದರೆ ಎಲ್‌ಇಡಿ ತಾನೇ ಸಣ್ಣ ಸೌರಕೋಶದಂತೆ ವಿದ್ಯುತ್ ಹುಟ್ಟಿಸುತ್ತದೆ, ನೆರಳಲ್ಲಿ ಅಳೆಯಿರಿ. ಬಿಡಿಭಾಗಗಳ ಕಾಲು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಬಳಸಿದ್ದು, ಮೀಟರಿನ ಅಂಕೆ ಕುಣಿಯುತ್ತಿದ್ದರೆ ಆ ಬೋರ್ಡನ್ನು ನೋಡಿ. ನಮ್ಮ ಕಡೆಯ ಮಳೆಗಾಲ ದಾಟಿದ ಬೋರ್ಡಿನ ಒಳಗಿನ ಕ್ಲಿಪ್ಪುಗಳು ಕಿಲುಬು ಹಿಡಿದಿರುತ್ತವೆ. ಆಗ ಕಾಲುಗಳನ್ನು ನೇರ ಬೆಸುಗೆ ಹಾಕುವುದೇ ಸುಲಭ.