ವಿಆರ್ ಧ್ಯಾನ: ಹೆಡ್‌ಸೆಟ್‌ನೊಳಗೆ ನಮ್ಮದೇ ತೋಟದ ಹಳ್ಳ

ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿನ ಸುತ್ತ ಬೇರೊಂದು ಲೋಕವನ್ನೇ ತೋರಿಸುವ ಕನ್ನಡಕದಂಥ ಸಾಧನ, ಹಾಕಿಕೊಂಡು ಧ್ಯಾನಕ್ಕೆ ಕೂರುವುದಾದರೆ ಕಣ್ಣಿಗೆ ಕೆಲಸ ಕಡಿಮೆ ಮಾಡುತ್ತಾ ಹೋಗಬೇಕು. ಮೊದಲ ಐದಾರು ನಿಮಿಷ ಹೆಡ್‌ಸೆಟ್ ನಿಜಕ್ಕೂ ಉಪಕಾರಿ. ಎದುರಿನ ಫೋನು, ಒಗೆಯದ ಬಟ್ಟೆ, ಮುಗಿಯದ ಲೆಕ್ಕ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಗಮನ ಒಂದು ಕಡೆ ನಿಲ್ಲುತ್ತದೆ. ಆಮೇಲೂ ದೃಶ್ಯ ಬದಲಾಗುತ್ತಲೇ ಇದ್ದರೆ ಅದು ಸಿನಿಮಾ, ಧ್ಯಾನವಲ್ಲ. ಟ್ರಿಪ್‌ನಂಥ ಆ್ಯಪ್‌ಗಳಲ್ಲಿ ಬಣ್ಣ, ಆಕಾರಗಳು ತೇಲಿ ಬರುತ್ತವೆ, ನೇಚರ್ ಟ್ರೆಕ್ಸ್‌ನಲ್ಲಿ ಕಾಡು ಕಡಲು ಸುತ್ತಬಹುದು. ಚೆನ್ನಾಗಿಯೇ ಇವೆ. ಆದರೆ ನಾನು ಬಳಸುವುದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಹಳ್ಳದ ದಡದಲ್ಲಿ ಕ್ಯಾಮೆರಾ ಇಟ್ಟು ತೆಗೆದ, ತಲೆ ತಿರುಗಿಸಿದ ಕಡೆಯೆಲ್ಲ ಕಾಣುವ 360 ಡಿಗ್ರಿ ವಿಡಿಯೋ. ಅದನ್ನು ಮಾಡುವ ಬಗೆ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಹೆಡ್‌ಸೆಟ್ ತಲೆ ಮೇಲೆ ಸರಿಯಾಗಿ ಕೂರಬೇಕು.

ಮೆಟಾ ಕಂಪನಿಯ ಹೆಡ್‌ಸೆಟ್‌ಗಳಲ್ಲಿ ಕ್ವೆಸ್ಟ್ 2ರ ತೂಕ 503 ಗ್ರಾಂ, ಕ್ವೆಸ್ಟ್ 3ರದು 515. ಅಷ್ಟೂ ಭಾರ ಮುಖದ ಮುಂದೆ ಜೋತಾಡುತ್ತದೆ. ಜಾರುತ್ತದೆಂದು ಪಕ್ಕದ ಪಟ್ಟಿ ಬಿಗಿದರೆ ಕೆನ್ನೆ, ಹುಬ್ಬಿನ ಮೇಲೆ ಒತ್ತಿ ಹತ್ತು ನಿಮಿಷದಲ್ಲಿ ತಲೆನೋವು. ಹಿಂದಿನ ಪಟ್ಟಿಯನ್ನು ತಲೆಬುರುಡೆಯ ಉಬ್ಬಿನ ಕೆಳಗೆ ತನ್ನಿ. ನೆತ್ತಿಯ ಪಟ್ಟಿಯನ್ನು ಭಾರ ಹೊರುವಷ್ಟು ಎಳೆಯಿರಿ. ಪಕ್ಕದ್ದನ್ನು ಕೊನೆಗೆ, ಹೆಡ್‌ಸೆಟ್ ಅಲುಗದಷ್ಟು ಮಾತ್ರ ಬಿಗಿಯಿರಿ. ತುರುಬು ಕಟ್ಟುವವರು ಜಡೆ ಇಳಿಬಿಟ್ಟುಕೊಂಡರೆ ಪಟ್ಟಿ ನೆಟ್ಟಗೆ ಕೂರುತ್ತದೆ. ಹಿಂದೆ 200 ಗ್ರಾಂ ಆಸುಪಾಸಿನ ಪುಟ್ಟ ಪವರ್ ಬ್ಯಾಂಕ್ ಕಟ್ಟಿದರೆ ಒಟ್ಟು ತೂಕ ಹೆಚ್ಚಿದರೂ ಕುತ್ತಿಗೆಗೆ ಹಗುರ.

ಕಣ್ಣುಪಾಪೆಗಳ ನಡುವಿನ ಅಂತರವನ್ನು ಬಹಳ ಜನ ನೋಡುವುದೇ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಅಳೆದು ಮಿಲಿಮೀಟರ್‌ನಲ್ಲಿ ಬರೆದುಕೊಡುತ್ತಾರೆ. ಕ್ವೆಸ್ಟ್ 2ರಲ್ಲಿ ಲೆನ್ಸ್‌ಗಳನ್ನು ಕೈಯಿಂದ ಸರಿಸಿ 58, 63, 68ರಲ್ಲಿ ಹತ್ತಿರದ್ದಕ್ಕೆ ನಿಲ್ಲಿಸಬೇಕು. ಕ್ವೆಸ್ಟ್ 3ರಲ್ಲಿ ಕೆಳಗಿನ ಚಕ್ರ ತಿರುಗಿಸಿದರೆ ಸಂಖ್ಯೆ ಪರದೆಯಲ್ಲೇ ಕಾಣುತ್ತದೆ. ಇದು ತಪ್ಪಿದ್ದರೆ ಚಿತ್ರ ತೀರಾ ಮಸುಕೇನೂ ಆಗದು, ಆದರೆ ಕಣ್ಣು ಒಳಗೊಳಗೇ ದುಡಿಯುತ್ತಿರುತ್ತದೆ. ಹೆಡ್‌ಸೆಟ್ ತೆಗೆದ ಮೇಲೆ ಹಣೆ ಭಾರವೆನಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಕೂರಲು ಬೆನ್ನೊರಗುವ, ನಾಲ್ಕು ಕಾಲಿನ ಮರದ ಕುರ್ಚಿ ಸಾಕು. ತಿರುಗುವ ಕುರ್ಚಿ ಬೇಡ. ನೆಲದ ಮೇಲೆ ಪದ್ಮಾಸನ ಹಾಕಿದರೆ ಮುಂಭಾರಕ್ಕೆ ಬೆನ್ನು ನಿಧಾನವಾಗಿ ಬಾಗುತ್ತದೆ. ಹೆಡ್‌ಸೆಟ್‌ನ ಸೆಟ್ಟಿಂಗ್‌ನಲ್ಲಿ ಬೌಂಡರಿಯನ್ನು (ಓಡಾಡುವ ಜಾಗದ ಎಲ್ಲೆ) ಸ್ಟೇಷನರಿಗೆ, ಅಂದರೆ ಕೂತಲ್ಲೇ ಇರುವಂತೆ, ಇಡಿ, ನೋಟಿಫಿಕೇಶನ್ ನಿಲ್ಲಿಸಿ, ಕೈಗಳನ್ನು ಗುರುತಿಸುವ ಸೌಲಭ್ಯ ಆಫ್ ಮಾಡಿ. ಇಲ್ಲದಿದ್ದರೆ ತೊಡೆ ಮೇಲಿಟ್ಟ ಕೈಗಳು ಹಳ್ಳದ ನಡುವೆ ತೇಲುತ್ತವೆ. ಕೋಣೆಯ ದೀಪದ ಮಿನುಗಿಗೆ ಹೆಡ್‌ಸೆಟ್‌ನ ಕ್ಯಾಮೆರಾಗಳನ್ನು ಹೊಂದಿಸುವ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಲಿ, ನಮ್ಮ ಕರೆಂಟಿನ ಲೆಕ್ಕ ಅದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕ್ವೆಸ್ಟ್ 2ರ ಕ್ಯಾಮೆರಾಗಳಿಗೆ ಕೋಣೆ ಕಾಣದೆ ನಡುವೆಯೇ ಎಚ್ಚರಿಕೆಯ ಫಲಕ ಬಂದು ಎಲ್ಲ ಕೆಡುತ್ತದೆ. ಇನ್ವರ್ಟರ್‌ಗೆ ಸೇರಿಸಿದ ಒಂದು ಬಲ್ಬು ಉರಿಯುತ್ತಿರಲಿ.

ತಲೆ ಸುತ್ತು, ವಾಕರಿಕೆ ಬರುವುದು ಚಲನೆಯಿಂದ. ಮುಂದೆ ಹೋಗುತ್ತಿದ್ದೇನೆ ಎಂದು ಕಣ್ಣು ಹೇಳುತ್ತದೆ, ಕೂತಿದ್ದೇನೆ ಎಂದು ಒಳಗಿವಿ ಹೇಳುತ್ತದೆ. ಈ ಜಗಳ ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಓದಲು ಕೂತವರಿಗೆ ಆಗುವುದರ ತಿರುವುಮುರುವು. ಆದ್ದರಿಂದ ಯಾವ ಆ್ಯಪ್ ಆದರೂ ನಿಂತಲ್ಲೇ ನಿಂತ ದೃಶ್ಯ ಆರಿಸಿ. ಎತ್ತರದ ಅಂಚೂ ಬೇಡ. ಜೋಗದ 253 ಮೀಟರ್ ಪ್ರಪಾತದ ತುದಿ ನೋಡಲು ಭವ್ಯ, ಆದರೆ ಅಲ್ಲಿ ಕೂತ ದೇಹ ಸಡಿಲಗೊಳ್ಳುವುದಿಲ್ಲ, ಕಾಲ್ಬೆರಳು ಬಿಗಿಯುತ್ತದೆ.

ಇನ್ನು ನಮ್ಮದೇ ವಿಡಿಯೋ. 5.7ಕೆ ತೆಗೆಯುವ 360 ಕ್ಯಾಮೆರಾ ಬೇಕು. ಅದರ ಚಿತ್ರದ ಅಗಲ 5,760 ಪಿಕ್ಸೆಲ್. 360ರಿಂದ ಭಾಗಿಸಿದರೆ ಡಿಗ್ರಿಗೆ 16. 4ಕೆ ಆದರೆ 11 ಸಹ ಇಲ್ಲ, ಅಡಿಕೆ ಸೋಗೆಯೆಲ್ಲ ಹಸಿರು ಮುದ್ದೆಯಾಗುತ್ತದೆ. ಕಾಲ ನವೆಂಬರ್‌ನಿಂದ ಜನವರಿ ಒಳ್ಳೆಯದು. ಹಳ್ಳದಲ್ಲಿ ನೀರಿರುತ್ತದೆ, ಇಂಬಳದ ಕಾಟ ತಗ್ಗಿರುತ್ತದೆ, ಲೆನ್ಸ್ ಮೇಲೆ ಹನಿ ಬೀಳುವುದಿಲ್ಲ. ಒಂದು ಹನಿ ಕೂತರೂ ಆ ದಿಕ್ಕಿನಲ್ಲಿ ಮಂಜಿನ ಗೋಳ. ಸ್ವಂತ ತೋಟವೋ ಪರಿಚಿತರದ್ದೋ ಆದರೆ ಸಲೀಸು. ಶೆಟ್ಟಿಹಳ್ಳಿಯಂಥ ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಲೇಬೇಕು.

ಕ್ಯಾಮೆರಾ ಎತ್ತರ ನೆಲದಿಂದ 110ರಿಂದ 120 ಸೆಂಟಿಮೀಟರ್ ಇಡುತ್ತೇನೆ, ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟ ಅದು. ಆಳೆತ್ತರಕ್ಕೆ ಇಟ್ಟರೆ ನೋಡುವವರು ನೆಲದಿಂದ ತೇಲಿದಂತಾಗುತ್ತದೆ. ಸುತ್ತ ಒಂದು ಮೀಟರ್ ಒಳಗೆ ಕೆಸುವಿನ ಎಲೆ, ಕೊಂಬೆ ಏನೂ ಇರಬಾರದು. ಎರಡು ಲೆನ್ಸ್‌ಗಳ ಚಿತ್ರ ಕೂಡುವಲ್ಲಿ ಹತ್ತಿರದ ವಸ್ತು ಸೀಳಿದಂತೆ ಕಾಣುತ್ತದೆ. ಒಂದು ಲೆನ್ಸ್ ನೇರ ಹಳ್ಳಕ್ಕೆ ಮುಖ ಮಾಡಲಿ, ಕೂಡುಗೆರೆ ಪಕ್ಕದ ಧರೆಯ (ಮಣ್ಣಿನ ದಿಬ್ಬದ) ಮೇಲೆ ಬೀಳಲಿ. ಸ್ಟ್ಯಾಂಡ್ ನೆಟ್ಟಗಿದೆಯೇ ಎಂದು ಎರಡು ಬಾರಿ ನೋಡಿ. ದಿಗಂತ ಒಂದೆರಡು ಡಿಗ್ರಿ ವಾಲಿದರೂ ಮೈ ಅತ್ತ ವಾಲುತ್ತದೆ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಿ, ಇಲ್ಲವಾದರೆ ಸೋಗೆ ಅಲುಗಿದಾಗಲೆಲ್ಲ ಇಡೀ ತೋಟದ ಬೆಳಕು ಏರಿ ಇಳಿಯುತ್ತದೆ. ರೆಕಾರ್ಡಿಂಗ್ ಒತ್ತಿ ಮರದ ಮರೆಗೆ ಹೋಗಿ ಹದಿನೈದು ನಿಮಿಷ ಸುಮ್ಮನಿರಬೇಕು. ನಾಯಿಯನ್ನು ಮನೆಯಲ್ಲೇ ಕಟ್ಟಿ ಬನ್ನಿ.

ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ, ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ ಹಾಕಿ ಹಿಡಿಯುತ್ತೇನೆ. ನೀರಿಗೆ ತೀರಾ ಹತ್ತಿರ ಮೈಕ್ ಇಟ್ಟರೆ ಬರೀ ಭೋರೆನ್ನುವ ಸದ್ದು. ನಾಲ್ಕೈದು ಮಾರು ದೂರ ಇಟ್ಟರೆ ಕಲ್ಲಿಗೆ ನೀರು ತಾಗುವುದು, ಹಕ್ಕಿ, ದೂರದ ಹಾಳೆ ಬೀಳುವ ಶಬ್ದ ಎಲ್ಲ ಬಿಡಿಬಿಡಿಯಾಗಿ ಸಿಗುತ್ತದೆ.

ಎಡಿಟಿಂಗ್‌ನಲ್ಲೇ ಧ್ಯಾನದ ಗುಟ್ಟಿರುವುದು. ಒಟ್ಟು ಹತ್ತು ನಿಮಿಷದಲ್ಲಿ ಆರು ನಿಮಿಷ ಪೂರ್ತಿ ದೃಶ್ಯ, ಒಂದು ನಿಮಿಷ ನಿಧಾನಕ್ಕೆ ಕತ್ತಲು, ಉಳಿದ ಮೂರು ನಿಮಿಷ ಕಪ್ಪು ಪರದೆ ಮತ್ತು ಹಳ್ಳದ ಸದ್ದು ಮಾತ್ರ. ಕೊನೆಯ ಅರ್ಧ ನಿಮಿಷ ಸದ್ದನ್ನೂ ಇಳಿಸುತ್ತೇನೆ. ಹಾಗೆ ಮಾಡದೆ ಥಟ್ಟನೆ ಮುಗಿಸಿದರೆ ಪ್ಲೇಯರ್‌ನ ಮೆನು ಮುಖಕ್ಕೆ ಹಾರುತ್ತದೆ, ಅಷ್ಟರವರೆಗಿನ ಶಾಂತಿ ಹಾಳು. ವಿಡಿಯೋ ಕುಗ್ಗಿಸುವ ಎಚ್.265 ಬಗೆಯಲ್ಲಿ, 60 ಎಂಬಿಪಿಎಸ್‌ಗೆ (ಸೆಕೆಂಡಿಗೆ 60 ಮೆಗಾಬಿಟ್) ತೆಗೆದರೆ ಫೈಲ್ ಸುಮಾರು ನಾಲ್ಕೂವರೆ ಜಿಬಿ. ಹೆಸರಿನ ಕೊನೆಗೆ _360 ಸೇರಿಸಿ, ಯುಎಸ್‌ಬಿ ಕೇಬಲ್ಲಿನಿಂದ ಹೆಡ್‌ಸೆಟ್‌ನ ಮೂವೀಸ್ ಫೋಲ್ಡರ್‌ಗೆ ಹಾಕಿ. ನೆಟ್ವರ್ಕ್ ಬಂದು ಹೋಗುವ ಊರಿನಲ್ಲಿ ಸ್ಟ್ರೀಮಿಂಗ್ ನಂಬಿ ಕೂರುವುದು ಬೇಡ.

ಕನ್ನಡದ ದನಿಯನ್ನು ಮೊದಲ ಎರಡು ನಿಮಿಷಕ್ಕೆ ಮಾತ್ರ ಸೇರಿಸುತ್ತೇನೆ: ‘ಭುಜ ಇಳಿಬಿಡಿ. ಹಲ್ಲು ಕಚ್ಚಿದ್ದರೆ ಸಡಿಲಿಸಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ.’ ಸೆಕೆಂಡಿಗೊಂದು ಎಣಿಕೆಯಾದರೆ ನಿಮಿಷಕ್ಕೆ ಆರು ಉಸಿರಾಗುತ್ತದೆ. ಕಷ್ಟವೆನಿಸಿದವರು ಮೂರು, ನಾಲ್ಕರಿಂದ ಶುರುಮಾಡಲಿ. ಅನುಲೋಮ ವಿಲೋಮ ಇಲ್ಲಿ ಆಗದು, ಬೆರಳಿಗೆ ಹೆಡ್‌ಸೆಟ್‌ನ ಕೆಳಂಚು ತಾಗುತ್ತದೆ. ಭ್ರಾಮರಿಗೆ ಮಾತ್ರ ಕಪ್ಪು ಪರದೆಯ ಹೊತ್ತು ಬಹಳ ಹೊಂದುತ್ತದೆ. ಮನೆಯ ಹಿರಿಯರಿಗೆ ಹಾಕುವಾಗ ಪಕ್ಕದಲ್ಲೇ ಇರಿ. ‘ಅತ್ತೆ, ಇಲ್ಲೇ ಇದ್ದೇನೆ, ಬೇಡ ಅನ್ನಿಸಿದರೆ ಕೈ ಎತ್ತಿ’ ಎಂದು ಮೊದಲೇ ಹೇಳಿದರೆ ಅವರ ಅರ್ಧ ಬಿಗಿತ ಹೋಗುತ್ತದೆ.

ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ಹಾಕಬಾರದು. ಮೈಗ್ರೇನ್, ತಲೆಸುತ್ತು ಇದ್ದವರಿಗೂ ಇದೇ ಮಾತು. ವಾಕರಿಕೆ ಶುರುವಾದ ಕೂಡಲೇ ತೆಗೆದುಬಿಡಿ, ತಡೆದುಕೊಂಡು ಕೂತರೆ ಅದು ಗಂಟೆಗಟ್ಟಲೆ ಉಳಿಯುತ್ತದೆ. ತೆಗೆದ ಮೇಲೆ ತಲೆ ಪೂರ್ತಿ ತಿಳಿಯಾಗುವ ತನಕ ಬೈಕ್ ಹತ್ತಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ಹೆಡ್‌ಸೆಟ್ ಉಳಿಸಿಕೊಳ್ಳುವುದೇ ಒಂದು ಕೆಲಸ. ತಣ್ಣಗಿನ ಲೆನ್ಸ್‌ಗೆ ಮುಖದ ಬಿಸಿ ತಾಗಿ ಮಂಜು ಕಟ್ಟುತ್ತದೆ, ಹಾಗಾಗಿ ಐದು ನಿಮಿಷ ಮೊದಲೇ ಆನ್ ಮಾಡಿಡಿ. ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ನೀಲಿಗೆ ತರಬಹುದು. ಆ ಕಾವಲಿ ಅಡುಗೆಗೆ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಹೆಡ್‌ಸೆಟ್ ಇಡಲೇಬಾರದು, ಬ್ಯಾಟರಿಗೆ ಬಿಸಿಯೂ ಲೆನ್ಸ್‌ಗೆ ಹೊಗೆಯೂ ಶತ್ರು. ಮಳೆ ಬಿಟ್ಟ ದಿನ ಬಿಸಿಲಿಗೆ ಒಣಗಿಸಲು ಹೊರಟರೆ ಇನ್ನೂ ಅನಾಹುತ: ಲೆನ್ಸ್ ಭೂತಗನ್ನಡಿಯಂತೆ ಬಿಸಿಲನ್ನು ಕೂಡಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಮುಖದ ಮೆತ್ತೆಯನ್ನಷ್ಟೇ ಬಿಚ್ಚಿ ಫ್ಯಾನಿನ ಕೆಳಗೆ ಒಣಗಿಸಿ. ಲೆನ್ಸ್ ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಸಾಕು, ಸ್ಪಿರಿಟ್ ತಾಗಿಸಬೇಡಿ.